ಜೋಡಿ ಕೆಮ್ಮು

ಬೆಳಿಗ್ಗೆ ಹತ್ತು ಗಂಟೆಗೇ ಎಣ್ಣೆ ಹಾಕುವ ಕೆಲಸ ನನ್ನದು ಎಂದರೆ ಜನ ಕಿಸಕ್ಕನೆ ನಗುತ್ತಾರೆ. ನಗಲಿ ಬಿಡಿ. ಆಲಿವ್ ಎಣ್ಣೆಯ ಗಾಣವೊಂದರಲ್ಲಿ ರುಚಿ ನೋಡುವ ಎಂಟು ಜನರಲ್ಲಿ ನಾನೊಬ್ಬ. ಮೂವತ್ತೊಂದು ವರ್ಷ ಅದೇ ಗಾಣದಲ್ಲಿ ಯಂತ್ರ ರಿಪೇರಿ ಮಾಡಿದೆ. ನಿವೃತ್ತಿಯ ದಿನ ಕೈಕುಲುಕಿ, ಫೋಟೋ ಹೊಡೆದು, ಮನೆಗೆ ಕಳಿಸಿದರು. ಗಂಟಲನ್ನು ಮಾತ್ರ ಬಿಟ್ಟುಕೊಡಲಿಲ್ಲ. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಆ ಗಂಟಲನ್ನು ಹೊತ್ತುಕೊಂಡು ಹೋಗಿ ಗೂಡಿನಲ್ಲಿ ಕೂರುತ್ತೇನೆ.

ಗೂಡು ಅಂದರೆ ಮೂರು ಕಡೆ ಬಿಳಿ ಹಲಗೆ, ಮುಂದೆ ಒಂದು ಅಡ್ಡಹಲಗೆ, ಒಂದು ಸ್ಟೂಲು. ಅಂಥ ಎಂಟು ಗೂಡು ಸಾಲಾಗಿವೆ. ಒಬ್ಬರ ಮುಖ ಒಬ್ಬರಿಗೆ ಕಾಣಬಾರದು, ಮಾತಾಡಬಾರದು, ಸೆಂಟು ಹಾಕಿಕೊಂಡು ಬರಬಾರದು, ಕಾಫಿ ಕುಡಿದು ಬರಬಾರದು. ಎದುರಿಗೆ ಕಡುನೀಲಿ ಗಾಜಿನ ಪುಟ್ಟ ಬಟ್ಟಲು. ಎಣ್ಣೆಯ ಬಣ್ಣ ಕಂಡರೆ ಕಣ್ಣು ಮೊದಲೇ ತೀರ್ಪು ಕೊಟ್ಟುಬಿಡುತ್ತದೆ ಅಂತ ನೀಲಿ. ಬಟ್ಟಲನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ, ಮುಚ್ಚಳ ಸರಿಸಿ ಮೂಸಿ, ಒಂದು ಗುಟುಕನ್ನು ಗಾಳಿಯ ಸಮೇತ ಸುರ್ರೆಂದು ಎಳೆದುಕೊಳ್ಳಬೇಕು. ಮೊದಲು ಹಣ್ಣಿನ ವಾಸನೆ, ಆಮೇಲೆ ನಾಲಿಗೆಯ ಹಿಂಬದಿಗೆ ಕಹಿ. ಎಲ್ಲ ಮುಗಿಯಿತು ಅಂದುಕೊಳ್ಳುವಾಗ ಗಂಟಲ ಬುಡದಲ್ಲಿ ಘಾಟು. ಈ ಘಾಟು ಸೋಮಾರಿ. ಹತ್ತು ಹನ್ನೆರಡು ಎಣಿಸುವಷ್ಟು ಹೊತ್ತಾದ ಮೇಲೆಯೇ ಅದರ ಸವಾರಿ ಬರುವುದು. ಆದರೆ ಒಳ್ಳೆಯ ಹೊಸ ಎಣ್ಣೆಯಾದರೆ ಕೆಮ್ಮಿಸದೆ ಬಿಡುವುದಿಲ್ಲ. ಒಂದು ಕೆಮ್ಮಿನ ಎಣ್ಣೆ, ಎರಡು ಕೆಮ್ಮಿನ ಎಣ್ಣೆ ಅಂತಲೇ ನಮ್ಮಲ್ಲಿ ಮಾತು. ಮೂರು ಕೆಮ್ಮಿನದನ್ನು ಎಲ್ಲರಿಗಿಂತ ಮೊದಲು ಹಿಡಿಯುವವನು ಅಂತ ನನಗೆ ಕೆಮ್ಮಣ್ಣ ಎಂದು ಹೆಸರಿಟ್ಟಿದ್ದರು. ಆ ಹೆಸರಿನ ಮೇಲೆ ನನಗೆ ಸ್ವಲ್ಪ ಜಂಬವೂ ಇತ್ತು.

ಮನೆಯಲ್ಲಿ ಕೆಮ್ಮುವವರು ಇಬ್ಬರಿದ್ದೆವು. ನನ್ನ ಹೆಂಡತಿಗೆ ನಲವತ್ತು ದಾಟುವ ಮೊದಲೇ ಬೆರಳಿನ ಗೆಣ್ಣುಗಳು ಊದಿಕೊಳ್ಳತೊಡಗಿದವು. ಬೆಳಿಗ್ಗೆ ಎದ್ದರೆ ಮುಷ್ಟಿ ಬಿಚ್ಚುವುದಕ್ಕೇ ಅರ್ಧ ಗಂಟೆ. ಗುಂಡಿ ಹಾಕಲಾಗದು, ನಲ್ಲಿ ತಿರುಗಿಸಲಾಗದು. ಹೊಸ ಎಣ್ಣೆ ಊತಕ್ಕೆ ಒಳ್ಳೆಯದು ಅಂತ ಯಾರೋ ಅವಳ ಕಿವಿಗೆ ಹಾಕಿದರು. ಅಂದಿನಿಂದ ಬೆಳಿಗ್ಗೆ ಆರೂವರೆಗೆ ಅಡುಗೆಮನೆ ಮೇಜಿನ ಮುಂದೆ ಇಬ್ಬರೂ ಒಂದೊಂದು ಚಮಚ ಕುಡಿಯುತ್ತಿದ್ದೆವು. ನಾನು ಮೊದಲು ಕೆಮ್ಮುತ್ತಿದ್ದೆ, ಅವಳು ಹಿಂದೆಯೇ. ಅವಳ ಕೆಮ್ಮು ಸಣ್ಣದು, ಬಾಗಿಲು ತಟ್ಟಿದ ಹಾಗೆ ಎರಡು ಸಲ. ನಿಮ್ಮ ಜೋಡಿ ಕೆಮ್ಮು ಕೇಳಿ ಗಡಿಯಾರ ಸರಿ ಮಾಡ್ಕೋತೀವಿ ಅಂತ ಪಕ್ಕದ ಮನೆಯವರು ರೇಗಿಸುತ್ತಿದ್ದರು. ನಮಗೆ ಮಕ್ಕಳಿರಲಿಲ್ಲ, ಇಬ್ಬರೇ ಇರುವ ಮನೆಯಲ್ಲಿ ಇಂಥ ಸಣ್ಣ ಸದ್ದುಗಳೇ ಸಂಸಾರ.

ಗಾಣದವರು ಪ್ರತಿ ಹಂಗಾಮಿಗೆ ನಮಗೆ ಮೊದಲ ಎಣ್ಣೆಯ ಒಂದು ದೊಡ್ಡ ಬಾಟಲಿ ಕೊಡುತ್ತಾರೆ, ಅದು ಮುಗಿದ ಮೇಲೆ ಅಲ್ಲಿಂದಲೇ ಕೊಂಡು ತರುತ್ತಿದ್ದೆ. ಕಪ್ಪು ಗಾಜು, ಬಿಗಿ ತಿರುಪಿನ ಮುಚ್ಚಳ. ಬೆಳಕು, ಗಾಳಿ, ಬಿಸಿ ತಾಗಿದರೆ ಎಣ್ಣೆಯ ಘಾಟು ಇಳಿದುಹೋಗುತ್ತದೆ, ಅದಕ್ಕೇ ಆ ಬಂದೋಬಸ್ತು. ನನ್ನವಳ ಬೆರಳಿಗೆ ಆ ಮುಚ್ಚಳ ಜಗ್ಗುತ್ತಿರಲಿಲ್ಲ. ಹಾಗಾಗಿ ಬಾಟಲಿ ಮನೆಗೆ ಬಂದ ದಿನವೇ ಅದನ್ನು ನನ್ನಿಂದ ತೆಗೆಸಿ, ಅಷ್ಟೂ ಎಣ್ಣೆಯನ್ನು ಒಂದು ತಿಳಿಗಾಜಿನ ಜಾಡಿಗೆ ಸುರಿದು, ಮೇಲೆ ಸಡಿಲವಾಗಿ ಒಂದು ತಟ್ಟೆ ಮುಚ್ಚಿ, ಒಲೆಯ ಪಕ್ಕದ ಕಿಟಕಿಕಟ್ಟೆಯ ಮೇಲೆ ಇಡುತ್ತಿದ್ದಳು. ನಾನು ಗೊಣಗುತ್ತಿದ್ದೆ. ಅಂಗಡಿಯ ಬಿಸಿಲಲ್ಲಿ ಎಣ್ಣೆ ಇಟ್ಟವರಿಗೆಲ್ಲ ಬೈದು ಬರುವ ಮನುಷ್ಯ ನಾನು.

"ಎರಡು ತಿಂಗಳಲ್ಲಿ ಖಾಲಿ ಆಗೋ ಎಣ್ಣೆಗೆ ಯಾಕ್ರೀ ಇಷ್ಟು ಕಾವಲು? ನೀವು ಗಾಣದಲ್ಲಿದ್ದಾಗ ನಂಗೆ ಮುಚ್ಚಳ ತೆಗೆದುಕೊಡೋರು ಯಾರು?" ಅನ್ನುತ್ತಿದ್ದಳು.

ಅವಳ ಮಾತಿನಲ್ಲೂ ನ್ಯಾಯವಿತ್ತು.

ಅವಳಿಗೆ ಮಾತ್ರೆ ನುಂಗಲು ಬರುತ್ತಿರಲಿಲ್ಲ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಡಾಕ್ಟರು ಊತ ಇಳಿಸುವ ನೋವಿನ ಔಷಧಿಯನ್ನೇ ಸಿರಪ್ಪಿನ ರೂಪದಲ್ಲಿ ಬರೆದುಕೊಟ್ಟರು. ಒಂದು ಭಾನುವಾರ ಅವಳ ತಮ್ಮ ಮತ್ತು ಅವನ ಹೆಂಡತಿ ಊಟಕ್ಕೆ ಬಂದಿದ್ದರು. ಸಿರಪ್ಪು ಕುಡಿದು ಬಂದು ಕೂತವಳು ಗಂಟಲಿಗೆ ಕೈಯಿಟ್ಟುಕೊಂಡು, "ರೀ, ಈ ಔಷಧಿ ನಿಮ್ಮ ಎಣ್ಣೆ ಥರಾನೇ ಚುಚ್ಚುತ್ತೆ ಕಣ್ರೀ. ಅದೇ ಜಾಗದಲ್ಲಿ, ಅಷ್ಟೇ ನಿಧಾನಕ್ಕೆ. ಎರಡರಲ್ಲೂ ಒಂದೇ ಏನೋ ಇದೆ" ಅಂದಳು.

"ಬಂದ್ಲಪ್ಪ ವಿಜ್ಞಾನಿ! ನಾಳೆಯಿಂದ ಗೂಡಲ್ಲಿ ನೀನೇ ಕೂತ್ಕೋ, ನಾನು ಮನೇಲಿ ಪಾತ್ರೆ ತಿಕ್ತೀನಿ" ಅಂದೆ.

ಎಲ್ಲರೂ ನಕ್ಕರು. ಅವಳೂ ನಕ್ಕಳು. ಆದರೆ ಮತ್ತೆಂದೂ ಆ ಮಾತು ಎತ್ತಲಿಲ್ಲ.

ಅದಾಗಿ ನಾಲ್ಕು ವರ್ಷಕ್ಕೆ ಗಾಣದ ಲ್ಯಾಬಿಗೆ ಹೊಸಬನೊಬ್ಬ ಬಂದ. ಬಿಳಿಕೋಟು ಅಂತಲೇ ಅವನನ್ನು ಕರೆಯುತ್ತಿದ್ದುದು. ಒಂದು ಶುಕ್ರವಾರ ಮೆಟ್ಟಿಲ ಮೇಲೆ ಕೂತು ಸೇಬು ತಿನ್ನುತ್ತಿದ್ದಾಗ ಅವನು ಹೇಳಿದ: "ಆ ಘಾಟು ಸುಮ್ನೆ ಬರೋದಲ್ಲ ಕೆಮ್ಮಣ್ಣ. ಓಲಿಯೋಕ್ಯಾಂಥಾಲ್ ಅಂತ ಒಂದು ವಸ್ತು. ನಮ್ಮ ಮೈಯಲ್ಲಿ ಊತ ಹುಟ್ಟಿಸೋ ಕಿಣ್ವ ಇರುತ್ತಲ್ಲ, ನೋವಿನ ಮಾತ್ರೆ ಅದರ ಕೈ ಕಟ್ಟಿಹಾಕುತ್ತೆ. ಇದೂ ಅದನ್ನೇ ಮಾಡುತ್ತೆ. ಯಾರು ಕಂಡುಹಿಡಿದ್ರು ಗೊತ್ತಾ? ನೋವಿನ ಸಿರಪ್ಪಿನ ರುಚಿ ನೋಡ್ತಿದ್ದ ಒಬ್ಬ ವಿಜ್ಞಾನಿ. ಹೊಸ ಎಣ್ಣೆ ಕುಡಿದ ಕೂಡ್ಲೇ, ಅರೆ, ಎರಡೂ ಒಂದೇ ಜಾಗಕ್ಕೆ ಚುಚ್ಚುತ್ತಲ್ಲ ಅಂತ ಹೊಳೀತಂತೆ."

ಸೇಬು ನನ್ನ ಬಾಯಲ್ಲೇ ನಿಂತಿತು. "ಹಾಗಾದ್ರೆ ದಿನಕ್ಕೊಂದು ಚಮಚ ಕುಡಿದ್ರೆ ಕೈ ಊತ ಇಳಿಯುತ್ತಾ?" ಅಂತ ಕೇಳಿದೆ.

"ಒಂದು ಸಣ್ಣ ಬಟ್ಟಲು ತುಂಬಾ ಕುಡಿದ್ರೂ ಒಂದು ಮಾತ್ರೆಯ ಹತ್ತರಲ್ಲಿ ಒಂದು ಪಾಲು ಆದ್ರೆ ಹೆಚ್ಚು. ವರ್ಷಗಟ್ಲೆ ಕುಡಿದ್ರೆ ಒಂಚೂರು ಒಳ್ಳೇದಾಗಬಹುದು ಅಂತಾರೆ. ಆಣೆ ಮಾಡಿ ಹೇಳೋಕೆ ಆಗಲ್ಲ. ಔಷಧಿ ಬಿಟ್ಟು ಇದನ್ನೇ ನಂಬ್ಕೊಂಡು ಕೂತ್ರೆ ಕೆಟ್ರು."

ಅವತ್ತು ಮನೆಗೆ ಹೋಗಿ ಹೇಳಬಹುದಿತ್ತು. ಲೇ, ದೊಡ್ಡ ದೊಡ್ಡವರು ಕಂಡುಹಿಡಿದದ್ದನ್ನು ನೀನು ಈ ಅಡುಗೆಮನೆಯಲ್ಲೇ ಕಂಡುಹಿಡಿದಿದ್ದೆ, ನಾನು ನಕ್ಕಿದ್ದು ತಪ್ಪಾಯಿತು ಅಂತ. ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಆದರೆ ಗಾಣದಲ್ಲಿ ಮೂವತ್ತು ವರ್ಷ ತೆಗೆದವನು ನಾನು, ನನಗೆ ತಿಳಿಯದ್ದು ಇವಳಿಗೆ ತಿಳಿಯಿತೇ ಅನ್ನುವ ಹಾಳು ಜಂಬ ಅಡ್ಡ ಬಂತು. ನಾಳೆ ಹೇಳಿದರಾಯಿತು ಅಂದುಕೊಂಡೆ. ಆ ನಾಳೆಯನ್ನು ಮೂರು ವರ್ಷ ಎಳೆದೆ.

ಹೋದ ವರ್ಷ ಹೊಸ ಎಣ್ಣೆಯ ಬಾಟಲಿ ಬಂದು, ಅವಳು ಜಾಡಿಗೆ ಸುರಿದು ನಾಲ್ಕು ದಿನವಾಗಿತ್ತು. ಐದನೆಯ ದಿನ ಬೆಳಿಗ್ಗೆ ಅವಳು ಏಳಲಿಲ್ಲ. ಹೃದಯ ನಿಂತಿದೆ ಅಂದರು ಡಾಕ್ಟರು. ನೋವು ಗೊತ್ತಾಗಿರಲ್ಲ ಅಂತಲೂ ಅಂದರು. ಅವಳ ಬೆರಳುಗಳು ಬಿಚ್ಚಿಕೊಂಡೇ ಇದ್ದವು.

ಜಾಡಿ ತುಂಬಾ ಎಣ್ಣೆ ಉಳಿಯಿತು. ಅವಳು ಕೈಯಾರೆ ಸುರಿದಿಟ್ಟದ್ದು. ಅದು ಮುಗಿದರೆ ಏನೋ ಮುಗಿದುಹೋಗುತ್ತದೆ ಅನ್ನಿಸಿ ಒಂದು ಚಮಚದ ಜಾಗದಲ್ಲಿ ಅರ್ಧ ಚಮಚ ಮಾಡಿದೆ, ಆಮೇಲೆ ಕಾಲು. ಜಾಡಿಯನ್ನು ಅವಳು ಇಟ್ಟ ಕಿಟಕಿಕಟ್ಟೆಯಿಂದ ಒಂದು ಬೆರಳಷ್ಟೂ ಅಲುಗಿಸಲಿಲ್ಲ. ಬೆಳಿಗ್ಗೆ ಆರೂವರೆಗೆ ಕುಡಿಯುತ್ತಿದ್ದೆ, ಒಬ್ಬನೇ ಕೆಮ್ಮುತ್ತಿದ್ದೆ, ಎರಡನೆಯ ಕೆಮ್ಮಿಗೆ ಕಾಯುತ್ತಿದ್ದೆ. ಬರುವುದಿಲ್ಲ ಅಂತ ಗೊತ್ತಿದ್ದೂ ಕಾಯುವ ಮನುಷ್ಯನಿಗೆ ಏನನ್ನಬೇಕು? ದಡ್ಡ ಅನ್ನಬೇಕು. ನಾನು ಆ ದಡ್ಡತನವನ್ನು ದಿನಾ ತಪ್ಪದೆ ಮಾಡಿದೆ.

ಬೇಸಿಗೆ ಬಂತು. ಒಂದು ಬೆಳಿಗ್ಗೆ ನನಗೂ ಕೆಮ್ಮು ಬರಲಿಲ್ಲ. ಮರುದಿನವೂ ಇಲ್ಲ. ಕಾಲು ಚಮಚ ಸಾಲದೇನೋ ಅಂತ ಒಂದಿಡೀ ಚಮಚ ಕುಡಿದೆ. ಗಂಟಲಲ್ಲಿ ನೀರು ಇಳಿದ ಹಾಗೆ ಇಳಿಯಿತು. ವಯಸ್ಸಾದವರಿಗೆ ಮೂಗು, ನಾಲಿಗೆ ಕೈಕೊಡುವುದನ್ನು ಕಂಡಿದ್ದೇನೆ. ನಮ್ಮ ಗೂಡಿನ ಸಾಲಿನಿಂದಲೇ ಇಬ್ಬರು ಹಾಗೆ ಎದ್ದು ಹೋಗಿದ್ದಾರೆ. ಗಂಟಲು ಹೋಯಿತೆಂದರೆ ನನಗೆ ಗೂಡಿಲ್ಲ. ಗೂಡಿಲ್ಲವೆಂದರೆ ಮಂಗಳವಾರವಿಲ್ಲ, ಶುಕ್ರವಾರವಿಲ್ಲ. ವಾರದ ಉಳಿದ ಐದು ದಿನ ನನ್ನ ಮನೆಯಲ್ಲಿ ಹೇಗಿರುತ್ತದೆ ಅಂತ ನನಗೆ ಗೊತ್ತು. ಏಳೂ ದಿನ ಹಾಗೇ ಆಗುವುದು ನನಗೆ ಬೇಡವಾಗಿತ್ತು.

ಆಗ ಶುರು ಮಾಡಿದೆ ಕಳ್ಳಾಟ. ನನ್ನ ಪಕ್ಕದ ಗೂಡಿನಲ್ಲಿ ಕೂರುವವಳು ಒಬ್ಬ ಟೈಲರ್. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಚುರುಕು ಗಂಟಲು. ಮುಖ ಕಾಣದಿದ್ದರೇನು, ಕೆಮ್ಮು ಕೇಳುತ್ತದಲ್ಲ. ಅವಳು ಒಂದು ಕೆಮ್ಮಿದರೆ ನಾನೂ ಒಂದು ಕೆಮ್ಮಿ ಹಾಳೆಯ ಮೇಲೆ ಘಾಟಿಗೆ ಹತ್ತಕ್ಕೆ ಮೂರು ಹಾಕುತ್ತಿದ್ದೆ. ಎರಡು ಕೆಮ್ಮಿದರೆ ಐದು. ಬೇಸಿಗೆಯಲ್ಲಿ ನಮ್ಮ ಮುಂದೆ ಬರುವುದೂ ಹಳೆಯ ದಾಸ್ತಾನೇ, ಹೆಚ್ಚೇನೂ ಚುಚ್ಚದು. ನನ್ನ ಆಟ ನಡೆದುಹೋಯಿತು. ಎಣ್ಣೆ ಬಾಯಲ್ಲಿದ್ದಾಗ ನನ್ನ ಕಿವಿಯೆಲ್ಲ ಪಕ್ಕದ ಗೂಡಿನಲ್ಲೇ. ಗಂಟಲಲ್ಲಿ ಏನಾಗುತ್ತಿದೆ ಅಂತ ನೋಡುವ ಧೈರ್ಯವೂ ಇರಲಿಲ್ಲ, ಪುರುಸೊತ್ತೂ ಇರಲಿಲ್ಲ.

ಸಿಕ್ಕಿಬಿದ್ದದ್ದು ಹೋದ ತಿಂಗಳು. ಅವತ್ತು ಐದನೆಯ ಬಟ್ಟಲು ಎತ್ತುವಾಗ ಪಕ್ಕದ ಗೂಡಿನಿಂದ ಕೆಮ್ಮು ಬಂತು. ಒಂದಲ್ಲ, ಎರಡಲ್ಲ, ನಾಲ್ಕು. ಅಬ್ಬಾ, ಎಂಥ ಎಣ್ಣೆ ಸಿಕ್ಕಿತಪ್ಪ ಅಂದುಕೊಂಡು ನಾನೂ ಗುಟುಕು ಎಳೆದವನೇ ನಾಲ್ಕು ಕೆಮ್ಮಿದೆ. ಘಾಟು ಎಂಟು ಅಂತ ಬರೆದೆ.

ನಮ್ಮ ತಂಡಕ್ಕೆ ಒಬ್ಬ ಮುಖ್ಯಸ್ಥೆ ಇದ್ದಾರೆ. ಕೈಯಲ್ಲಿ ಸದಾ ಸ್ಟಾಪ್‌ವಾಚ್ ಹಿಡಿದು ಗೂಡುಗಳ ಹಿಂದೆ ಸದ್ದಿಲ್ಲದೆ ಓಡಾಡುವುದರಿಂದ ನಾವು ಅವರನ್ನು ಗಡಿಯಾರಮ್ಮ ಅನ್ನುತ್ತೇವೆ, ಅವರ ಬೆನ್ನ ಹಿಂದೆ. ಎಲ್ಲರೂ ಹೊರಟ ಮೇಲೆ ಅವರು ನನ್ನನ್ನು ನಿಲ್ಲಿಸಿ ಎಂಟು ಹಾಳೆಗಳನ್ನು ಮೇಜಿನ ಮೇಲೆ ಹರಡಿದರು.

"ಐದನೇ ಬಟ್ಟಲು ಎರಡು ವರ್ಷದ ಹಿಂದಿನ ಎಣ್ಣೆ. ಪರೀಕ್ಷೆಗೆ ಅಂತ ನಾನೇ ಇಟ್ಟಿದ್ದು. ಏಳು ಜನ ಘಾಟು ಸೊನ್ನೆ ಅಂತ ಬರೆದಿದ್ದಾರೆ. ನೀವು ಎಂಟು."

"ಟೈಲರಮ್ಮನೂ ಸೊನ್ನೆ ಹಾಕಿದ್ದಾಳಾ?" ಬಾಯಿ ತಪ್ಪಿ ಕೇಳಿಬಿಟ್ಟೆ.

"ಅವಳಿಗೆ ಬಟ್ಟೆ ಧೂಳಿನ ಕೆಮ್ಮು ಕಣ್ರೀ. ಬೆಳಿಗ್ಗೆಯಿಂದ ಕೆಮ್ತಾನೇ ಇದ್ಲು. ನಾನು ಆರು ತಿಂಗಳಿಂದ ನೋಡ್ತಿದ್ದೀನಿ. ಘಾಟು ಬರೋಕೆ ಹತ್ತು ಸೆಕೆಂಡಾದ್ರೂ ಬೇಕು, ನೀವು ನಾಲ್ಕಕ್ಕೇ ಕೆಮ್ತೀರ. ನಿಮ್ಮ ಕೆಮ್ಮು ಗಂಟಲಿಂದ ಬರ್ತಿಲ್ಲ ಕೆಮ್ಮಣ್ಣ, ಕಿವಿಯಿಂದ ಬರ್ತಿದೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ.

"ಮುಂದಿನ ಮಂಗಳವಾರ ಹೊಸ ಎಣ್ಣೆ ಬರುತ್ತೆ. ಎಲ್ಲರಿಗಿಂತ ಮುಂಚೆ ಒಂಬತ್ತಕ್ಕೆ ನೀವೊಬ್ರೇ ಬನ್ನಿ. ನಾಲ್ಕು ಬಟ್ಟಲು ಇಡ್ತೀನಿ. ಗಂಟಲು ಇದ್ರೆ ಕೂತ್ಕೊಳ್ಳಿ. ಇಲ್ದಿದ್ರೆ ಬೇರೆಯವರಿಗೆ ಜಾಗ ಬಿಡಿ, ಬೇಜಾರು ಮಾಡ್ಕೋಬೇಡಿ" ಅಂದರು.

ಆ ನಾಲ್ಕು ದಿನ ನಾನು ಪಟ್ಟ ಪಾಡು ಯಾರಿಗೂ ಬೇಡ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಜಾಡಿಯ ಮುಂದೆ ಹೋಗಿ ನಿಲ್ಲುವುದು, ಒಂದು ಚಮಚ ಎಳೆಯುವುದು, ಎಣಿಸುವುದು. ಹತ್ತು. ಇಪ್ಪತ್ತು. ನಲವತ್ತು. ಏನೂ ಇಲ್ಲ. ವರ್ಷವಿಡೀ ಜೋಪಾನ ಮಾಡಿದ್ದ ಎಣ್ಣೆಯನ್ನು ನಾಲ್ಕು ದಿನದಲ್ಲಿ ಬುಡಕ್ಕೆ ಇಳಿಸಿದೆ. ಸೋಮವಾರ ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತಿತ್ತು. ಮಾತ್ರೆ ಹುಡುಕಿದರೆ ಸ್ಟ್ರಿಪ್ಪು ಖಾಲಿ. ಬೀರುವಿನ ಮೇಲಿನ ಅರೆಯಲ್ಲಿ ಅವಳ ಸಿರಪ್ಪಿನ ಒಂದು ಬಾಟಲಿ ಸೀಲು ಒಡೆಯದೆ ಕೂತಿತ್ತು. ನೋವಿಗೆ ನೋವಿನ ಔಷಧಿ ಅಂತ ಅದನ್ನು ಇಳಿಸಿದೆ. ಒತ್ತಿ ತಿರುಗಿಸುವ ಆ ಮುಚ್ಚಳ ಅವಳಿಗೆ ಒಂದು ದಿನವೂ ಬಗ್ಗಿದ್ದಿಲ್ಲ. ನಾನು ಸ್ನಾನದ ಮನೆಯಲ್ಲಿದ್ದರೂ ಕೂಗುತ್ತಿದ್ದಳು. ನಾನು ಒತ್ತಿದೆ, ತಿರುಗಿಸಿದೆ, ಎರಡು ಚಮಚ ಕುಡಿದು ಮೇಜಿನ ಮುಂದೆ ಕೂತೆ.

ಮೊದಲು ಸಿಹಿ. ಆಮೇಲೆ ಏನೂ ಇಲ್ಲ. ಆಮೇಲೆ ಗಂಟಲ ಬುಡದಲ್ಲಿ, ನನಗೆ ಮೂವತ್ತು ವರ್ಷದಿಂದ ಗೊತ್ತಿರುವ ಆ ಕಾಸಿನಗಲದ ಜಾಗದಲ್ಲಿ, ಒಂದು ಚುಚ್ಚು. ನಾನು ಕೆಮ್ಮಿದೆ. ಬರಿಸಿಕೊಂಡ ಕೆಮ್ಮಲ್ಲ, ತಾನಾಗಿ ಬಂದದ್ದು.

ಅದೇ ಜಾಗ. ಅಷ್ಟೇ ನಿಧಾನ. ಅವಳು ಹೇಳಿದ ಹಾಗೇ.

ಒಂದು ಕ್ಷಣ ಖುಷಿಯಿಂದ ಎದ್ದೇ ನಿಂತೆ. ಗಂಟಲಿದೆ! ಏನೂ ಆಗಿಲ್ಲ! ಹಾಗೆ ನಿಂತವನ ಕಣ್ಣು ಕಿಟಕಿಕಟ್ಟೆಗೆ ಹೋಯಿತು. ತಿಳಿಗಾಜು. ಸಡಿಲ ತಟ್ಟೆ. ಪಕ್ಕದಲ್ಲೇ ಒಲೆ. ಜಾಡಿಯ ಮೇಲೆ ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುತ್ತಿತ್ತು. ಊರಿಗೆಲ್ಲ ಬುದ್ಧಿ ಹೇಳುವ ಕೆಮ್ಮಣ್ಣ ತನ್ನ ಮನೆಯ ಜಾಡಿಯನ್ನು ಹನ್ನೊಂದು ತಿಂಗಳು ಬಿಸಿಲಲ್ಲಿಟ್ಟು, ಗಂಟಲು ಸತ್ತಿತು ಅಂತ ಅಳುತ್ತ ಕೂತಿದ್ದ. ಸತ್ತದ್ದು ಗಂಟಲಲ್ಲ, ಎಣ್ಣೆ. ಬೇರೆ ಯಾರ ಮನೆಯ ಎಣ್ಣೆಯಾಗಿದ್ದರೂ ಮೂಸಿದ ಕೂಡಲೇ ಹೇಳುತ್ತಿದ್ದೆ. ಅವಳು ಸುರಿದಿಟ್ಟ ಎಣ್ಣೆಗೂ ವಯಸ್ಸಾಗುತ್ತದೆ ಅಂತ ನನಗೆ ಹೊಳೆಯಲೇ ಇಲ್ಲ.

ಅವಳು ಹೋದ ದಿನ ನಾನು ಅತ್ತಿರಲಿಲ್ಲ. ಬಂದವರಿಗೆ ಕುರ್ಚಿ ಹಾಕುವುದರಲ್ಲೇ ಆ ದಿನ ಕಳೆದಿತ್ತು. ಸೋಮವಾರ ಮಧ್ಯಾಹ್ನ ಬಾಯಲ್ಲಿ ಸಿರಪ್ಪಿನ ಸಿಹಿ ಇಟ್ಟುಕೊಂಡು ಮನಸ್ಸು ಬಿಚ್ಚಿ ಅತ್ತೆ.

ಮಂಗಳವಾರ ಒಂಬತ್ತಕ್ಕೆ ಗೂಡಿನಲ್ಲಿ ಕೂತೆ. ಏಳು ಗೂಡು ಖಾಲಿ. ಕೇಳಿಸಿಕೊಳ್ಳಲು ಯಾರ ಕೆಮ್ಮೂ ಇಲ್ಲ. ಗಡಿಯಾರಮ್ಮ ಹಿಂದೆ ನಿಂತಿದ್ದರು. ಮೊದಲ ಬಟ್ಟಲು ಹಳೆಯದು, ಸೊನ್ನೆ ಬರೆದೆ. ಎರಡನೆಯದು ಒಂದು ಕೆಮ್ಮು. ಮೂರನೆಯದು ಮತ್ತೆ ಹಳೆಯದು. ನಾಲ್ಕನೆಯದನ್ನು ಎಳೆದುಕೊಂಡು ಸುಮ್ಮನೆ ಕೂತೆ. ಹಸಿ ಎಲೆ ಹರಿದ ವಾಸನೆ, ಕಹಿ, ಮೌನ. ಹನ್ನೆರಡು ಎಣಿಸುವಷ್ಟರಲ್ಲಿ ಗಂಟಲಿಗೆ ಬೆಂಕಿ ಬಿತ್ತು. ಕಣ್ಣಲ್ಲಿ ನೀರು ಬರುವ ಹಾಗೆ ಮೂರು ಸಲ ಕೆಮ್ಮಿದೆ.

"ನಾಲ್ಕೂ ಸರಿ" ಅಂದರು ಗಡಿಯಾರಮ್ಮ. ಸ್ಟಾಪ್‌ವಾಚನ್ನು ಜೇಬಿಗೆ ಹಾಕಿಕೊಂಡು, "ಗಂಟಲು ಗುಂಡುಕಲ್ಲಿನ ಹಾಗಿದೆಯಲ್ರೀ. ಮತ್ಯಾಕೆ ಆ ನಾಟಕ ಆಡಿದ್ರಿ?" ಅಂತ ಕೇಳಿದರು.

"ಮನೇಲಿ ಒಂದು ಎಣ್ಣೆ ಇತ್ತು. ಅದ್ರಲ್ಲಿ ಘಾಟು ಹೋಗಿತ್ತು. ನಂದೇ ಹೋಯ್ತು ಅಂದ್ಕೊಂಡೆ" ಅಂದೆ.

"ಎಷ್ಟು ದಿನದ್ದು?"

"ನಮ್ಮವಳು ಇದ್ದಾಗಿಂದು."

ಅವರು ಒಳಗೆ ಹೋಗಿ ಈ ಹಂಗಾಮಿನ ನನ್ನ ಬಾಟಲಿ ತಂದು ಕೈಗಿಟ್ಟು, "ಇನ್ನು ಹತ್ತು ನಿಮಿಷಕ್ಕೆ ಎಲ್ರೂ ಬರ್ತಾರೆ, ಬಾಯಿ ತೊಳ್ಕೊಳ್ಳಿ" ಅಂದರು.

ಮಧ್ಯಾಹ್ನ ಮನೆಗೆ ಬಂದು ಜಾಡಿಯನ್ನು ಕಟ್ಟೆಯಿಂದ ಇಳಿಸಿದೆ. ತಳದಲ್ಲಿ ಎರಡು ಬೆರಳು ಎಣ್ಣೆ ಉಳಿದಿತ್ತು. ಜಾಡಿಯ ತಳದಲ್ಲಿ ಉಳಿದದ್ದನ್ನು ಅವಳು ಚೆಲ್ಲುತ್ತಿರಲಿಲ್ಲ, ಗೆಣ್ಣುಗಳಿಗೆ ತಿಕ್ಕಿಕೊಳ್ಳುತ್ತಿದ್ದಳು. ಅದನ್ನು ನನ್ನ ಎರಡೂ ಕೈಗೆ ಸುರಿದುಕೊಂಡು ಬೆರಳು ಬೆರಳಿಗೂ ತಿಕ್ಕಿದೆ. ಜಾಡಿ ತೊಳೆದು ಬೋರಲು ಹಾಕಿದೆ. ಕಿಟಕಿಕಟ್ಟೆಯ ಮೇಲೆ ಜಾಡಿ ಕೂತಿದ್ದ ದುಂಡನೆಯ ಜಿಡ್ಡಿನ ಗುರುತನ್ನು ಒರೆಸಲಿಲ್ಲ.

ಹೊಸ ಬಾಟಲಿಯಿಂದ ಒಂದು ಚಮಚ ಬಗ್ಗಿಸಿಕೊಂಡು ಮೇಜಿನ ಮುಂದೆ ಕೂತೆ. ಕುಡಿಯುವ ಮೊದಲು ಅವಳ ಕುರ್ಚಿಯ ಕಡೆ ತಿರುಗಿ, ಗಟ್ಟಿಯಾಗಿಯೇ, "ನೀನು ಹೇಳಿದ್ದೇ ಸರಿ ಕಣೇ. ಎರಡೂ ಒಂದೇ. ನಂಗೆ ನಾಲ್ಕು ವರ್ಷದಿಂದ ಗೊತ್ತಿತ್ತು" ಅಂದೆ. ನನ್ನ ದನಿ ಆ ಅಡುಗೆಮನೆಯಲ್ಲಿ ನನಗೇ ಹೊಸದಾಗಿ ಕೇಳಿಸಿತು.

ಕುಡಿದೆ. ಹನ್ನೆರಡು ಎಣಿಸುವಷ್ಟರಲ್ಲಿ ಕೆಮ್ಮು ಬಂತು, ಮೂರೂ ಬಂದವು. ಆಮೇಲೆ ರೂಢಿಯಂತೆ ಅವಳ ಎರಡು ಸಣ್ಣ ಕೆಮ್ಮುಗಳಿಗೆ ಬೇಕಾಗುವಷ್ಟು ಹೊತ್ತು ಕಾದೆ.

ಕಾದು ಮುಗಿದ ಮೇಲೆ ಎದ್ದು ಬಾಟಲಿಯ ಮುಚ್ಚಳವನ್ನು ಎಷ್ಟು ಬಿಗಿಯಾಗುತ್ತದೋ ಅಷ್ಟೂ ಬಿಗಿಯಾಗಿ ತಿರುಗಿಸಿ, ಕತ್ತಲಿರುವ ಕೆಳಗಿನ ಬೀರುವಿನಲ್ಲಿಟ್ಟೆ. ಬಿಗಿ ಮುಚ್ಚಳ ತೆಗೆಯಲಾಗದವರು ಈಗ ಈ ಮನೆಯಲ್ಲಿ ಯಾರೂ ಇಲ್ಲ.